ತೊಂಬತ್ತಾರನೇ ಪುಟದ ಆಚೆ

ಮೌಲಮೀನ್
೧೨ ಜುಲೈ ೧೯೯೩

ಪ್ರೀತಿಯ ಸಾನ್ ಯೀ,

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ ಕಣ್ಣು ಹತ್ತಿತು, ಕೆಟ್ಟ ಕನಸು ಬಿತ್ತು. ನಿನ್ನ ಕಾಲಿನ ಪ್ಲಾಸ್ಟರ್ ಒಡೆದಿದ್ದಾರೆ, ಒಳಗೆ ಕಾಲೇ ಇಲ್ಲ, ಬರೀ ಗೆದ್ದಲು. ಡಾಕ್ಟರು ನನ್ನ ಕಡೆ ತಿರುಗಿ, "ಏನಮ್ಮಾ ಪುಸ್ತಕದ ಅಂಗಡಿಯವಳೇ, ಇದನ್ನ ಬಿಸಿಲಿಗೆ ಯಾಕೆ ಹಾಕ್ಲಿಲ್ಲ?" ಎಂದು ಗದರಿದರು. ಮೊದಲು ಕಾಲು ಹೇಗಿದೆ ಬರಿ. ಬೆರಳು ಆಡುತ್ತವೆಯೇ? ಬೆರಳು ಆಡಿದರೆ ಭಯವಿಲ್ಲ ಎಂದು ಊ ಬಾ ಚಿಟ್ ಹೇಳುತ್ತಾರೆ. ಆದರೆ ಅವರು ಮೂವತ್ತು ವರ್ಷ ಹೊಳೆ ದಾಟಿಸುವ ಹಡಗು ನಡೆಸಿದವರು, ಮೂಳೆಯ ವಿಷಯ ಅವರಿಗೆ ಏನು ಗೊತ್ತೋ.

ನಿನ್ನ ಮಗಳು ಯಮಿನ್ ವಿಷಯ ಕೇಳಿ ಬರೆದಿದ್ದೀಯ: ಮದುವೆಗೆ ಮೊದಲು ಅವಳಿಗೆ ಹೇಳಿಬಿಡಲೇ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂದು. ಇಲ್ಲಾ, ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು ಹಾಗೇ ಇರಲೇ? ಗಂಡಿನ ಸೋದರತ್ತೆ ಮೌಲಮೀನಿನವಳು, ನಾಳೆ ಅವಳ ಬಾಯಿಂದ ಕೇಳುವ ಬದಲು ಇವತ್ತು ನನ್ನ ಬಾಯಿಂದ ಕೇಳುವುದು ಮೇಲಲ್ಲವೇ? ಇದನ್ನೆಲ್ಲ ನಾಲ್ಕು ಸಲ ಓದಿದೆ. ಓದಿದ ಪ್ರತಿ ಸಲವೂ ಬೇರೆ ಬೇರೆ ಉತ್ತರ ಹೊಳೆಯಿತು. ಆ ಮಗುವನ್ನು ಹೊತ್ತು ನಿನ್ನ ಮನೆಗೆ ತಂದವಳು ನಾನೇ, ನಿಜ. ಅಷ್ಟಕ್ಕೆ ನನ್ನನ್ನು ಕೇಳಬೇಡ. ನೀನು ಶಾಲೆಯಲ್ಲಿ ಪಾಠ ಹೇಳಿದವಳು, ನಾನು ಐದನೇ ತರಗತಿಗೆ ಬಿಟ್ಟು ಬಂದು ಅಮ್ಮನ ಈ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕೂತವಳು. ಹೇಳು ಎಂದರೂ ತಪ್ಪಾಗುತ್ತದೆ, ಬೇಡ ಎಂದರೂ ತಪ್ಪಾಗುತ್ತದೆ. ನಾನು ಏನೂ ಹೇಳುವುದಿಲ್ಲ.

ಮನಸ್ಸು ಬೇರೆ ಕಡೆ ಹರಿಯಲಿ ಎಂದು ಪತ್ತೇದಾರಿ ಪುಸ್ತಕ ಕಳಿಸು ಎಂದಿದ್ದೆಯಲ್ಲ, ಅದನ್ನು ಮಾಡಬಲ್ಲೆ. ನಾಲ್ಕು ಕಳಿಸಿದ್ದೇನೆ. ಹೊಳೆಯಾಚೆ ರೈಲಿನ ಗಾರ್ಡ್ ಕೈಗೆ ಕೊಟ್ಟಿದ್ದೇನೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ, ಆದರೂ ನೆನೆದಿರಬಹುದು, ಬಂದ ಕೂಡಲೇ ಮುಟ್ಟಿ ನೋಡು.

ಮುತ್ತಿನ ಸರ ಕಳುವಾಗುವ ಕಥೆಯನ್ನು ಮೊದಲು ಓದು. ಅರ್ಧ ದಾರಿಯಲ್ಲಿ ದೆವ್ವ ಬರುತ್ತದೆ, ಕಳ್ಳನನ್ನು ಹಿಡಿಯುವುದು ಅದೇ. ಆಮೇಲೆ ಕೆಂಪು ರಟ್ಟಿನದು. ಅದು ದೆವ್ವದ ಕಥೆ ಎಂದೇ ಹೊರಡುತ್ತದೆ. ನಡುವಿನ ತನಕ ಬಾಗಿಲು ಹಾಕಿಕೊಂಡು ಓದಬೇಕು, ಅಲ್ಲಿಂದ ಮುಂದೆ ನಗು ಬರುತ್ತದೆ, ದೆವ್ವ ಅಡುಗೆ ಕಲಿಯುತ್ತದೆ, ಕೊನೆಗೆ ಮದುವೆ. ಮೂರನೆಯದರಲ್ಲಿ ಏನೂ ಆಶ್ಚರ್ಯವಿಲ್ಲ, ಕಳ್ಳ ಎಂದು ನೀನು ಅಂದುಕೊಂಡವನೇ ಕಳ್ಳ. ಬಾಯಿ ಕೆಟ್ಟಾಗ ಗಂಜಿ ಬೇಕಾಗುತ್ತದಲ್ಲ, ಅದಕ್ಕೆ ಇಟ್ಟೆ.

'ಅಕ್ಕಿ ಗಿರಣಿಯ ಕೊಲೆ'ಯನ್ನು ಮಾತ್ರ ಕೊನೆಗೆ ಓದು. ಓದಿದವರೆಲ್ಲ ಕಣ್ಣೊರೆಸಿಕೊಂಡು ಬಂದು ವಾಪಸು ಕೊಡುತ್ತಾರೆ. ಕೊಲೆ ಎಂದು ಹೊರಟದ್ದು ಎಲ್ಲೋ ಹೋಗಿ ಏನೋ ಆಗುತ್ತದಂತೆ. ನನ್ನ ಹಣೆಬರಹ ನಿನಗೆ ಗೊತ್ತೇ ಇದೆ, ಕೊಲೆಗಾರ ಸಿಗುವ ಹೊತ್ತಿಗೆ ಹೆದರಿ ಪುಸ್ತಕ ಮುಚ್ಚಿಬಿಡುತ್ತೇನೆ. ಜನ ಹೇಳಿದ್ದನ್ನು ಕೇಳಿ ಜನಕ್ಕೆ ಹೇಳುತ್ತೇನೆ, ಅಂಗಡಿ ಹಾಗೇ ನಡೆಯುತ್ತಿದೆ. ಆದರೆ ಇದು ನಿನಗೇ ಸರಿಯಾದ ಪುಸ್ತಕ ಎಂದು ಯಾಕೋ ಅನ್ನಿಸಿತು.

ಬೆರಳಿನ ವಿಷಯ ಮರೆಯಬೇಡ.

ನಿನ್ನ ಅಕ್ಕ,
ಓನ್ ಮೇ

•

ಬಗೋ
೨ ಆಗಸ್ಟ್ ೧೯೯೩

ಅಕ್ಕಾ,

ಐದು ಬೆರಳೂ ಆಡುತ್ತವೆ. ಊ ಬಾ ಚಿಟ್‌ಗೆ ಹೇಳು, ಹಡಗು ದಡ ಸೇರಿತು ಎಂದು.

ದೆವ್ವ ಅಡುಗೆ ಕಲಿಯುವ ಕಡೆ ನಾನು ನಕ್ಕದ್ದು ಕೇಳಿ ಯಮಿನ್ ಓಡಿಬಂದಳು. "ಏನಮ್ಮಾ, ಕಾಲು ನೋವಾ, ನಗುವಾ?" ಎಂದಳು. ಅವಳಿಗೂ ಓದಿ ಹೇಳಿದೆ. ಮುತ್ತಿನ ಸರ ಪರವಾಗಿಲ್ಲ. ಗಂಜಿ ಗಂಜಿಯೇ.

ನಾಲ್ಕನೆಯದನ್ನು ಎರಡು ಸಲ ಓದಿದೆ.

ಏನೂ ಹೇಳುವುದಿಲ್ಲ ಎಂದು ಬರೆದು, ಎಲ್ಲವನ್ನೂ ಹೇಳಿಬಿಟ್ಟೆಯಲ್ಲ ಅಕ್ಕಾ. ಕೊಲೆಯ ಕಥೆಯೊಳಗೆ ನನ್ನ ಕಥೆಯನ್ನಿಟ್ಟು ಕಳಿಸಿದ್ದೀಯ. ಆ ತಾಯಿ ಮಗಳ ಜಡೆ ಹೆಣೆಯುತ್ತ, "ನಿನ್ನ ಹೆತ್ತವಳು ನಾನಲ್ಲ ಮಗಳೇ" ಎನ್ನುತ್ತಾಳೆ. ಹುಡುಗಿ ತಿರುಗಿಯೂ ನೋಡದೆ, "ಗೊತ್ತಮ್ಮ, ಜಡೆ ಮುಗಿಸು" ಎನ್ನುತ್ತಾಳೆ. ಅಷ್ಟೇ. ನಾನು ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಮಲಗಿದ್ದೆ. ಇಪ್ಪತ್ತೆರಡು ವರ್ಷ ನಾನು ಹೆದರಿದ್ದು ಇಷ್ಟಕ್ಕೇನಾ?

ಮುಖ ನೋಡಿ ಹೇಳಲಾರದ್ದನ್ನು ಪುಸ್ತಕದಲ್ಲಿ ಹೇಳಿಸಿದ್ದೀಯ. ನೀನು ಹಾಗೇ. ತಿಳಿಯಿತು, ಹೇಳುತ್ತೇನೆ. ಮುಂದಿನ ತಿಂಗಳು ಪ್ಲಾಸ್ಟರ್ ತೆಗೆಯುತ್ತಾರೆ. ಮಲಗಿಕೊಂಡು ಹೇಳುವ ಮಾತಲ್ಲ ಅದು. ಎರಡು ಕಾಲ ಮೇಲೆ ನಿಂತ ದಿನ ಹೇಳುತ್ತೇನೆ.

ಸಾನ್ ಯೀ

•

ಮೌಲಮೀನ್
೧೧ ಆಗಸ್ಟ್ ೧೯೯೩

ಸಾನ್ ಯೀ,

ನಿನ್ನ ಕಾಗದ ಓದಿ ತಲೆ ಗಿರ್ ಎಂದಿತು. ನಾನೇನು ಹೇಳಿದೆ? ಯಾವ ತಾಯಿ? ಯಾವ ಜಡೆ? ನಾನು ಕಳಿಸಿದ್ದು ಗಿರಣಿ ಯಜಮಾನನನ್ನು ಕೊಂದ ಕಥೆ. ಬೇರೆ ಯಾವುದಾದರೂ ಪುಸ್ತಕ ಆ ಕಟ್ಟಿನೊಳಗೆ ಹೋಗಿತ್ತೇ? ರಟ್ಟಿನ ಮೇಲೆ ನನ್ನ ಕೈಬರಹದಲ್ಲಿ ಏನಿದೆ ನೋಡು.

ನಿನ್ನ ಹೆಸರು ಹೇಳದೆ ಅಂಗಡಿಗೆ ಬಂದವರನ್ನು ಕೇಳಿದೆ. ನಮ್ಮ ಓದುಗರು ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಇಪ್ಪತ್ತೊಂದನೇ ಪುಟದಲ್ಲಿ ಒಂದೊಂದು ಗುರುತು ಹಾಕುತ್ತಾರಲ್ಲ, ಆ ಪುಸ್ತಕದಲ್ಲಿ ಊ ಬಾ ಚಿಟ್ ಹಾಕಿದ ಮೀನೂ, ಡೋ ಪ್ವಾ ಹಾಕಿದ ಸೌಟೂ ಇದ್ದದ್ದು ನನಗೆ ನೆನಪಿತ್ತು. ಇಬ್ಬರೂ ಬೆಂಚಿನ ಮೇಲೆ ಇದ್ದರು. ಕೇಳಬಾರದಿತ್ತು.

"ತಾಯೀನಾ? ಯಾವ ತಾಯಿ?" ಎಂದರು ಊ ಬಾ ಚಿಟ್. "ಗಿರಣಿ ಗುಮಾಸ್ತ ಕಣಮ್ಮಾ ಕೊಂದಿದ್ದು. ತೂಕದ ಕಲ್ಲಲ್ಲಿ ಹೊಡ್ದ. ನಾಲ್ಕು ವರ್ಷದ ಹಿಂದೆ ಓದಿದ್ದು, ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ."

ಡೋ ಪ್ವಾ ಮೀನು ಸಾರಿನ ಶಾವಿಗೆ ಮಾರಿ ಮುಗಿಸಿ, ಬರಿದಾದ ಹಂಡೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. "ನಿಮಗೆ ವಯಸ್ಸಾಯ್ತು ಬಿಡಿ. ಗುಮಾಸ್ತ ಎಲ್ಲಿಂದ ಬಂದ? ಆ ಹೆಂಗ್ಸು ಪೊಲೀಸಿನವನ ಮುಂದೆ ಕೂತು ತನ್ನ ಕಥೆ ಶುರು ಮಾಡ್ತಾಳೆ ನೋಡಿ, ಅಲ್ಲಿಂದ ಮುಂದಕ್ಕೆ ಕೊಲೆ ಯಾರಿಗೆ ಬೇಕು! ಈ ವರ್ಷ ಏಪ್ರಿಲ್‌ನಲ್ಲಿ ನೀರಿನ ಹಬ್ಬ ಕಳೆದ ಮೇಲೆ ಓದಿದ್ದು ನಾನು. ಆವತ್ತು ಒಂದು ಹಂಡೆ ಸಾರು ತಳ ಹತ್ತಿಹೋಯ್ತು."

"ಹಾಗಾದ್ರೆ ಗಿರಣಿ ಯಜಮಾನನ್ನ ಯಾರು ಕೊಂದ್ರು?"

"ಸತ್ತವನು ಸತ್ತ. ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ! ಪತ್ತೇದಾರಿ ಕಥೇಲಿ ಅದೇ ಅಲ್ವೇನಮ್ಮಾ ಇರೋದು!"

ಇಬ್ಬರೂ ಒಂದೇ ಪುಸ್ತಕ ಓದಿದ್ದಾರೆ. ಇಬ್ಬರೂ ಬುದ್ಧಿ ಸರಿ ಇರುವವರು. ನನಗೆ ಈಗ ಯಾರ ಮೇಲೂ ನಂಬಿಕೆ ಇಲ್ಲ, ನನ್ನ ಮೇಲಂತೂ ಮೊದಲೇ ಇಲ್ಲ. ದಯವಿಟ್ಟು ಯಮಿನ್‌ಗೆ ಏನೂ ಹೇಳಬೇಡ. ಮೊದಲು ಆ ಪುಸ್ತಕದಲ್ಲಿ ಏನಿದೆ, ಎಲ್ಲಿಂದ ಏನಾಗುತ್ತದೆ, ಸರಿಯಾಗಿ ಬರಿ.

ಓನ್ ಮೇ

•

ಬಗೋ
೨೦ ಆಗಸ್ಟ್ ೧೯೯೩

ಅಕ್ಕಾ,

ಕೈಗೆ ಕೊಟ್ಟು ಆಮೇಲೆ ಕೊಟ್ಟಿಲ್ಲ ಎನ್ನುವುದು ನಿನ್ನ ಹಳೆಯ ಅಭ್ಯಾಸ. ಆದರೂ ಕೇಳಿದೆಯಲ್ಲ, ಬರೆಯುತ್ತೇನೆ.

ರಟ್ಟಿನ ಮೇಲೆ 'ಅಕ್ಕಿ ಗಿರಣಿಯ ಕೊಲೆ' ಎಂದೇ ಇದೆ, ನಿನ್ನದೇ ಕೋಳಿ ಕೆದರಿದಂಥ ಅಕ್ಷರ. ತೊಂಬತ್ತಾರನೇ ಪುಟದ ಕೊನೆಯ ಸಾಲಿನಲ್ಲಿ ಪೊಲೀಸ್ ಅಧಿಕಾರಿ ಗಿರಣಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ, "ಹೆದರಬೇಡ, ಎಲ್ಲವನ್ನೂ ಮೊದಲಿನಿಂದ ಹೇಳಮ್ಮ" ಎನ್ನುತ್ತಾನೆ. ತೊಂಬತ್ತೇಳನೇ ಪುಟ ಹೀಗೆ ಶುರುವಾಗುತ್ತದೆ: "ಹೇಳಲೇಬೇಕು ಎಂದು ನಾನು ಗಟ್ಟಿ ಮನಸ್ಸು ಮಾಡಿದ್ದು ಆ ದಿನ." ಅಲ್ಲಿಂದ ಕೊನೆಯವರೆಗೂ ಆಕೆಯ ಮಾತೇ. ಪೊಲೀಸಿನವನು ಮತ್ತೆ ಬರುವುದೇ ಇಲ್ಲ. ನನಗೆ ಅದೇ ಹಿಡಿಸಿತು. ಕೊಲೆಗಿಂತ ದೊಡ್ಡದು ಒಂದು ಇದೆ ಎಂದು ಗೊತ್ತಾದ ಮೇಲೆ ಅವನು ಎದ್ದುಹೋದ ಎಂದುಕೊಂಡೆ.

ಇಂಥದ್ದನ್ನು ಹುಡುಕಿ ಕಳಿಸಿದವಳು ಈಗ ಹೇಳಬೇಡ ಎನ್ನುತ್ತೀಯ. ನಿನಗೆ ಭಯ. ನನಗೆ ಈಗ ಇಲ್ಲ.

ಸಾನ್ ಯೀ

•

ಮೌಲಮೀನ್
೧ ಸೆಪ್ಟೆಂಬರ್ ೧೯೯೩

ಸಾನ್ ಯೀ, ಸಾನ್ ಯೀ,

ಇದನ್ನು ಕೂತು ಓದು. ಕೆಲಸವಿದ್ದರೆ ಬಿಟ್ಟು ಓದು.

ಹೇಳಬೇಡ. ಮೊದಲೇ ಬರೆದುಬಿಟ್ಟೆ, ಕಾಗದ ಅರ್ಧಕ್ಕೆ ಹರಿದುಹೋದರೂ ಇಷ್ಟಾದರೂ ಸಿಗಲಿ ಎಂದು. ತಂತಿ ಕೊಡೋಣ ಎಂದು ಆಫೀಸಿನವರೆಗೆ ಹೋದೆ. ತಂತಿಯವನು "ಏನ್ ಬರೀಲಿ ಅಮ್ಮಾ?" ಎಂದ. 'ಹೇಳಬೇಡ' ಎಂದು ಬರೆಸಿದರೆ ನಿನ್ನ ಬಾಗಿಲಲ್ಲಿ ಅದನ್ನು ತೆಗೆದುಕೊಳ್ಳುವವಳು ಯಮಿನ್ನೇ ಅಲ್ಲವೇ? 'ಏನು ಹೇಳಬಾರದು?' ಎಂದು ಅವಳು ಕೇಳುವುದಿಲ್ಲವೇ? ಸುಮ್ಮನೆ ವಾಪಸು ಬಂದೆ. ನಿನಗೆ ಬಂದ ಕಾಗದವನ್ನು ಅವಳು ಒಡೆಯುವುದಿಲ್ಲ ಎಂದಿದ್ದೀಯ, ಅದಕ್ಕೇ ಇದನ್ನೂ ಗಾರ್ಡ್ ಕೈಗೆ ಕೊಡುತ್ತಿದ್ದೇನೆ.

ಆದದ್ದು ಇದು. ನಿನ್ನ ಕಾಗದ ಬಂದ ದಿನ ಬಾಗಿಲು ಅರ್ಧ ಎಳೆದುಕೊಂಡು, ಬೇರೆ ಪುಸ್ತಕದ ಹಾಳೆ ಸೇರಿರಬಹುದೆಂದು, ಅದೇ ಮುದ್ರಣಾಲಯದ, ಅದೇ ಅಳತೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ತೊಂಬತ್ತೇಳನೇ ಪುಟ ತೆರೆಯುತ್ತ ಹೋದೆ. ಹನ್ನೊಂದನೆಯದು 'ಹುಣಿಸೆ ಕೊಂಬೆಯ ಮನೆ'. ಅದು ಅಳಿಸುವ ಸಂಸಾರದ ಕಥೆ ಎಂದು ನಾನು ಮನೆಮನೆಯ ಹೆಂಗಸರಿಗೆ ಕೊಡುತ್ತಿದ್ದೆ. ತೊಂಬತ್ತೇಳನೇ ಪುಟದಲ್ಲಿ ಗುಮಾಸ್ತ, ತೂಕದ ಕಲ್ಲು, ಕೈಕೋಳ. ಊ ಬಾ ಚಿಟ್ ಹೇಳಿದ ಹಾಗೇ. ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ!

ಹೊಲಿದವಳು ನಾನೇ. ಹೊಸ ಪುಸ್ತಕ ಬಂದರೆ ರಟ್ಟು ಕಿತ್ತು, ಬೆನ್ನಿಗೆ ತೂತು ಹೊಡೆದು, ದಪ್ಪ ದಾರ ಹಾಕಿ ನಾವೇ ಮತ್ತೆ ಕಟ್ಟುತ್ತೇವಲ್ಲ, ಇಲ್ಲದಿದ್ದರೆ ಹತ್ತು ಕೈ ದಾಟುವ ಹೊತ್ತಿಗೆ ಬಿಚ್ಚಿಹೋಗುತ್ತದೆ. ಈ ಎರಡರ ದಾರ ಕೊಳೆತದ್ದು ಈ ಬೇಸಿಗೆಯಲ್ಲಿ ಕಣ್ಣಿಗೆ ಬಿತ್ತು. ಎರಡನ್ನೂ ಬಿಚ್ಚಿ ಚಾಪೆಯ ಮೇಲೆ ಹಾಳೆಯ ಮಡಿಕೆಗಳನ್ನು ಹರಡಿಕೊಂಡು ಕೂತಿದ್ದಾಗ ಅಂಚೆಯವನು ಬಂದ. ನಿನ್ನದೇ ಕಾಗದ, ಯಮಿನ್‌ಗೆ ಗಂಡು ಗೊತ್ತಾಯಿತು ಎಂದು ಬರೆದದ್ದು. ಸೂಜಿ ಕೈಯಲ್ಲಿ ಹಿಡಿದುಕೊಂಡೇ ಓದಿದೆ. ಆಮೇಲೆ ಹೊಲಿದೆ. ಏನು ಹೊಲಿದೆ, ಹೇಗೆ ಹೊಲಿದೆ, ಒಂದೂ ನೆನಪಿಲ್ಲ. ಎರಡರಲ್ಲೂ ತೊಂಬತ್ತಾರನೇ ಪುಟಕ್ಕೇ ಒಂದು ಮಡಿಕೆ ಮುಗಿಯುತ್ತಿದ್ದರಿಂದ ಪುಟದ ಅಂಕಿ ಸರಿಯಾಗೇ ಬಂತು. ಮಾತಿಗೆ ಮಾತೂ ಕೂಡಿಕೊಂಡಿತು. ಅಲ್ಲಿಂದೀಚೆಗೆ ಓದಿದವರಲ್ಲಿ ಒಬ್ಬರಾದರೂ ಇದೇನು ಎಂದು ಕೇಳಲಿಲ್ಲ! "ದುಃಖದ ಕಥೆ ಅಂತ ಒಯ್ದೆ, ಕೊನೇಲಿ ಪೊಲೀಸ್ರು ಬಂದ್ರು, ಎಷ್ಟ್ ಚೆನ್ನಾಗಿ ತಿರುಗಿಸ್ತಾನೆ!" ಎಂದು ಒಬ್ಬಳು ಹೇಳಿದಾಗ ನಾನೂ ತಲೆಯಾಡಿಸಿದ್ದೆ. ತಿರುಗಿಸಿದ್ದು ಬರೆದವನಲ್ಲ.

ಒಂದು ಕೆಟ್ಟ ಯೋಚನೆ ಬರುತ್ತದೆ. ನನಗೆ ಗೊತ್ತಿಲ್ಲದೆ ನನ್ನ ಕೈಯೇ ನಿನಗೆ ಉತ್ತರ ಕೊಟ್ಟಿತೋ ಏನೋ. ಆದರೆ ನೀನು ಕೇಳುವ ಮೊದಲೇ ಕೈ ಹೇಗೆ ಉತ್ತರ ಕೊಟ್ಟೀತು? ಬಿಡು, ಇದನ್ನು ಯೋಚಿಸಿದರೆ ತಲೆ ಕೆಡುತ್ತದೆ.

ಮುಖ್ಯವಾದದ್ದು ಮುಂದಿದೆ. 'ಹುಣಿಸೆ ಕೊಂಬೆಯ ಮನೆ'ಯ ಮೊದಲ ಅರ್ಧವನ್ನು ಕೂತು ಪೂರ್ತಿ ಓದಿದೆ. ಅರವತ್ತೆರಡನೇ ಪುಟದಲ್ಲಿ, ಆ ಹುಡುಗಿಗೆ ಏಳು ವರ್ಷವಿದ್ದಾಗ, ಪಕ್ಕದ ಮನೆಯವಳು ಜಗಳದಲ್ಲಿ ಎಲ್ಲವನ್ನೂ ಕೂಗಿ ಹೇಳಿಬಿಡುತ್ತಾಳೆ. ಮಗು ಹೋಗಿ ಮರದ ಹಿಂದೆ ಕೂತು ಅಳುತ್ತದೆ, ಅಮ್ಮನಿಗೆ ಹೇಳುವುದಿಲ್ಲ. ಹತ್ತು ವರ್ಷ ಅತ್ತು ಮುಗಿಸಿದ ಮೇಲೆ ಅವಳು "ಗೊತ್ತಮ್ಮ, ಜಡೆ ಮುಗಿಸು" ಎನ್ನುವುದು. ನೀನು ಓದಿದ್ದು ಅಳು ಮುಗಿದ ಮೇಲಿನ ಅರ್ಧ. ನಮ್ಮ ಯಮಿನ್‌ಗೆ ಯಾರೂ ಏನೂ ಹೇಳಿಲ್ಲ. ಅವಳು ಹಾಗೆ ಅನ್ನುವುದಿಲ್ಲ.

ಹೇಳಬೇಡ ಎಂದು ನಾನು ಹೇಳುತ್ತಿಲ್ಲ. ಅಯ್ಯೋ, ಮೇಲೆ ಹಾಗೇ ಬರೆದಿದ್ದೇನೆ. ಈ ಪುಸ್ತಕ ನಂಬಿ ಹೇಳಬೇಡ.

ಓನ್ ಮೇ

•

ಬಗೋ
೧೬ ಸೆಪ್ಟೆಂಬರ್ ೧೯೯೩

ಅಕ್ಕಾ,

ನಿನ್ನ ಕಾಗದ ಒಂಬತ್ತನೇ ತಾರೀಖಿಗೆ ಬಂತು. ಪ್ಲಾಸ್ಟರ್ ತೆಗೆದದ್ದು ನಾಲ್ಕಕ್ಕೆ. ಐದನೇ ತಾರೀಖು ಬೆಳಗ್ಗೆ ಹೇಳಿಬಿಟ್ಟಿದ್ದೆ.

ತಲೆಗೆ ಸ್ನಾನ ಮಾಡಿಕೊಂಡು ಬಂದಿದ್ದಳು. ಬಾ, ಜಡೆ ಹಾಕುತ್ತೇನೆ ಎಂದೆ. ಪುಸ್ತಕದಲ್ಲಿದ್ದ ಮಾತುಗಳನ್ನೇ ಹೇಳಿದೆ, ನನಗೆ ಬೇರೆ ಮಾತು ಬರಲಿಲ್ಲ. ಆಮೇಲೆ ಕೂದಲು ಕೈಯಲ್ಲಿ ಹಿಡಿದು ಕಾದೆ. ಗೊತ್ತಮ್ಮ ಎನ್ನುತ್ತಾಳೆ ಎಂದು ಕಾದೆ ಅಕ್ಕಾ.

"ಯಾವಾಗ?" ಎಂದಳು.

"ಏನ್ ಯಾವಾಗ?"

"ಯಾವಾಗ ತಂದ್ರಿ ನನ್ನ?"

ಮಾತು ಬಂದಾಗಿನಿಂದ 'ನೀನು' ಎಂದೇ ಮಾತಾಡಿದ ಹುಡುಗಿ 'ತಂದ್ರಿ' ಎಂದಳು. ಜಡೆ ಅರ್ಧವಾಗಿತ್ತು. ಎದ್ದುಹೋಗಿ ಬಟ್ಟೆ ಒಗೆದಳು. ಒಗೆದದ್ದನ್ನೇ ಇನ್ನೊಮ್ಮೆ ಒಗೆದಳು. ಇಡೀ ದಿನ ಆ ಅರ್ಧ ಜಡೆಯಲ್ಲೇ ಓಡಾಡಿದಳು, ಬಿಚ್ಚಲಿಲ್ಲ, ಮುಗಿಸಲಿಲ್ಲ. ಅನ್ನ ಬಡಿಸುತ್ತಾಳೆ, ನನ್ನನ್ನು ಹಿಡಿದು ನಡೆಸುತ್ತಾಳೆ, ಮಾತ್ರೆ ಕೊಡುತ್ತಾಳೆ. ಹನ್ನೊಂದು ದಿನವಾಯಿತು, ಅಮ್ಮ ಎಂದು ಒಂದು ಸಲವೂ ಕರೆದಿಲ್ಲ. ಗಂಡಿನ ಕಡೆಯವರು ಮಾತಾಡಲು ಬರುತ್ತೇವೆ ಎಂದಿದ್ದರು. "ಈಗ ಬೇಡ ಅಂತ ಹೇಳಿಕಳಿಸಿ" ಎಂದಳು. ನನಗೆ ಹೇಳಿದಳೋ ಗೋಡೆಗೆ ಹೇಳಿದಳೋ.

ನಿನ್ನ ಒಂದನೇ ತಾರೀಖಿನ ಕಾಗದವನ್ನು ಅವಳ ಕೈಗೇ ಕೊಟ್ಟೆ. ಇನ್ನು ಏನು ಮುಚ್ಚಿಡುವುದು. ಓದಿ ಮುಗಿಸಿ, ಮೊದಲ ಸಲ ನನ್ನ ಮುಖ ನೋಡಿದಳು. "ಅರ್ಧ ಪುಸ್ತಕ ಓದಿ ನಂಗೆ ಹೇಳಿದ್ರಾ?" ಎಂದಳು. ಇವತ್ತು ಬೆಳಗಿನ ರೈಲಿಗೆ ಮೌಲಮೀನಿಗೆ ಹೊರಟಳು. ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಯಾವಾಗ ಬರುತ್ತೀಯ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಬರುತ್ತೀಯಾ ಎಂದಂತೂ ಕೇಳಲೇ ಇಲ್ಲ.

ನಿನ್ನ ಸೂಜಿಯನ್ನು ಬೈಯಲೋ, ನನ್ನ ಬುದ್ಧಿಯನ್ನು ಬೈಯಲೋ. ಆ ಪುಸ್ತಕ ಬರದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಈಗ ಅದೂ ಗೊತ್ತಾಗುತ್ತಿಲ್ಲ. ಅವಳು ಕೇಳಿದ್ದಕ್ಕೆಲ್ಲ ನಿಜ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಅವಳನ್ನು ನನಗೆ ವಾಪಸು ಕಳಿಸು ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಕೇಳುತ್ತಿದ್ದೇನೆ.

ಸಾನ್ ಯೀ

•

ಮೌಲಮೀನ್
೨೭ ಸೆಪ್ಟೆಂಬರ್ ೧೯೯೩

ಸಾನ್ ಯೀ,

ಯಮಿನ್ ಇಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ, ಊಟ ಮಾಡುತ್ತಾಳೆ. ನೀನು ಮೊದಲು ಹುಡುಕುವುದು ಅದನ್ನೇ ಎಂದು ಮೇಲೇ ಬರೆದೆ.

ಹದಿನೇಳನೇ ತಾರೀಖು ಹೊಳೆ ದಾಟಿ ಬಂದಳು. ಕೊಡೆ ಮಡಿಸುತ್ತ ಬಾಗಿಲಲ್ಲೇ ನಿಂತು, "ಮೊದಲನೇ ಅರ್ಧ ಎಲ್ಲಿದೆ, ದೊಡ್ಡಮ್ಮ?" ಎಂದಳು. ಹೇಗಿದ್ದೀರಿ ಇಲ್ಲ, ಏನಿಲ್ಲ. ನಾನು ಗಡಿಬಿಡಿಯಲ್ಲಿ ಬೇರೆ ಯಾವುದೋ ಪುಸ್ತಕ ಕೊಟ್ಟೆ, ಅವಳೇ ನೋಡಿ ವಾಪಸು ಕೊಟ್ಟು ಸರಿಯಾದ್ದನ್ನು ತೆಗೆದುಕೊಂಡಳು. ಓದುಗರ ಬೆಂಚಿನಲ್ಲಿ ಕೂತು ಓದತೊಡಗಿದಳು. ಆಮೇಲೆ ಊ ಬಾ ಚಿಟ್ ಬಂದರು. ಅವರಿಗೆ ಬಾಯಿ ಸುಮ್ಮನಿರುತ್ತದೆಯೇ?

"ಹೊಸ ಮುಖ. ಯಾರ ಮಗಳಮ್ಮ ನೀನು?"

ನನ್ನ ಕೈಯಿಂದ ಅಂಟಿನ ಬಟ್ಟಲು ಜಾರಿತು. ಅವಳು ಪುಟದಿಂದ ಕಣ್ಣು ತೆಗೆಯಲಿಲ್ಲ.

"ಅದನ್ನೇ ಓದ್ತಾ ಇದೀನಿ, ತಾತ."

"ಓಹೋ. ಮುಗಿದ್ಮೇಲೆ ಹೇಳು ಹಾಗಾದ್ರೆ," ಎಂದು ಅವರೂ ತಮ್ಮ ಪುಸ್ತಕ ತೆರೆದರು. ತಮಾಷೆ ಎಂದುಕೊಂಡರೋ ಏನೋ. ಬಾಲ ಬದಲಾದದ್ದು ತಿಳಿದ ಮೇಲೆ ಆ ಮೊದಲ ಅರ್ಧವನ್ನೂ ಓದಿಬಿಟ್ಟಿದ್ದ ಡೋ ಪ್ವಾ ಕೇಳದೆಯೇ ಒಂದು ಬಟ್ಟಲು ಶಾವಿಗೆ ತಂದು ಪಕ್ಕದಲ್ಲಿಟ್ಟಳು. "ಆ ಹುಡುಗಿ ಮರದ ಹಿಂದೆ ಹೋಗಿ ಕೂರೋ ಕಡೆ ಬಂದ್ಯಾ? ಅಲ್ಲಿ ನಿಲ್ಸಿ ತಿಂದ್ಬಿಡು, ಆಮೇಲೆ ಗಂಟಲಲ್ಲಿ ಇಳಿಯಲ್ಲ." ಯಮಿನ್ ನಿಲ್ಲಿಸಿ ತಿಂದಳು. ಆಮೇಲೆ ಅತ್ತಳು. ಎಲ್ಲರ ಎದುರೇ ಅತ್ತಳು. ನಮ್ಮ ಅಂಗಡಿಯಲ್ಲಿ ಪುಸ್ತಕ ಓದಿ ಅಳುವವರನ್ನು ಯಾರೂ ಏನೂ ಕೇಳುವುದಿಲ್ಲ, ಅದೊಂದು ಒಳ್ಳೆಯದಾಯಿತು.

ಮರುದಿನ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೆತ್ತವಳು ಮಗ್ಗದಲ್ಲಿ ನೇಯುತ್ತಿದ್ದ ಹುಡುಗಿ, ಹದಿನೆಂಟೋ ಹತ್ತೊಂಬತ್ತೋ. ಅಮ್ಮನ ಅಂಗಡಿಗೆ ಬಂದು ಬೆಂಚಿನಲ್ಲೇ ಕೂತು ಪ್ರೇಮ ಕಥೆ ಓದುತ್ತಿದ್ದಳು, ಮನೆಗೆ ಒಯ್ಯುತ್ತಿರಲಿಲ್ಲ. ಹಡಗು ನಿಲ್ಲುವ ಕಟ್ಟೆಯ ಹತ್ತಿರ ಮಗುವನ್ನು ನನ್ನ ಕೈಗಿಟ್ಟು, ಹುಟ್ಟಿದ ವಾರ ಹೇಳಿ, ಹಿಂತಿರುಗಿ ನೋಡದೆ ಹೋದಳು. ಬಗೋದಲ್ಲಿ ಒಂದು ಮಗುವಿಗಾಗಿ ಕಾಯುತ್ತಿರುವವಳು ಇದ್ದಾಳೆ ಎಂದು ಅವಳಿಗೆ ಹೇಳಿದವಳು ನಾನೇ. ಹೆಸರು ನಾನು ಕೇಳಿರಲಿಲ್ಲ.

"ಹೆಸರು ಕೇಳ್ಲಿಲ್ವಾ?" ಎಂದಳು ಯಮಿನ್. "ಒಂದು ಪುಸ್ತಕ ಕೊಡೋವಾಗ ಹೆಸರು, ಬೀದಿ, ಗಂಡನ ಹೆಸರು ಎಲ್ಲಾ ಬರ್ಕೋತೀರ. ಮಗು ಈಸ್ಕೊಳ್ಳೋವಾಗ ಹೆಸರು ಕೇಳ್ಲಿಲ್ವಾ, ದೊಡ್ಡಮ್ಮ?"

"ಭಯ ಆಗಿತ್ತಮ್ಮ."

"ಯಾರ ಭಯ?"

"ಗೊತ್ತಿಲ್ಲ. ಕೇಳಿದ್ರೆ ವಾಪಸ್ ಕೊಡ್ಬೇಕಾಗತ್ತೋ ಅಂತ ಇರ್ಬೇಕು."

"ಅಷ್ಟು ದೂರ ಹೇಗೆ ತಂದ್ರಿ?" ಎಂದಳು. ಹಡಗಿನಲ್ಲಿ ಅವಳು ಅತ್ತದ್ದು, ರೈಲಿನಲ್ಲಿ ಒಬ್ಬ ಹೆಂಗಸು ಹಾಲು ಕೊಟ್ಟದ್ದು, ಬಗೋದಲ್ಲಿ ನೀನು ಬರಿಗಾಲಲ್ಲಿ ಬೀದಿಯವರೆಗೆ ಓಡಿಬಂದದ್ದು, ಎಲ್ಲ ಹೇಳಿದೆ. ಬರಿಗಾಲಲ್ಲಿ ಎನ್ನುವುದನ್ನು ಎರಡು ಸಲ ಹೇಳಿಸಿಕೊಂಡಳು.

ಎರಡು ಪುಸ್ತಕಗಳನ್ನೂ ಬಿಚ್ಚಿ ಸರಿಮಾಡೋಣ ಎಂದು ಕತ್ತರಿ ಹಿಡಿದಿದ್ದೆ. ಡೋ ಪ್ವಾ ಕೈ ಹಿಡಿದುಕೊಂಡಳು. "ಸರಿಮಾಡಿದ್ರೆ ನಾನು ಈ ಅಂಗಡಿಗೆ ಕಾಲಿಡಲ್ಲ ನೋಡು." ಊ ಬಾ ಚಿಟ್ ಸರಿಮಾಡಲೇಬೇಕು ಎನ್ನುತ್ತಾರೆ, ಕೊಂದವನಿಗೆ ಶಿಕ್ಷೆಯಾಗಬೇಕಂತೆ. ಹಾಗೇ ಇಟ್ಟಿದ್ದೇನೆ.

ಈಗ ಮುಖ್ಯವಾದ ಮಾತು. ನಿನ್ನೆ ಬೆಳಗ್ಗೆ ಅವಳು ಗುಡ್ಡದ ಮೇಲಿನ ಪಗೋಡಕ್ಕೆ ಹೋಗೋಣ ಎಂದಳು. ತಾವು ತಾವು ಹುಟ್ಟಿದ ವಾರದ ಮೂಲೆಯಲ್ಲಿ, ಆ ವಾರದ ಪ್ರಾಣಿಯ ಮೂರ್ತಿಗೆ ಎಲ್ಲರೂ ನೀರು ಹಾಕುತ್ತಿದ್ದರು. ಬುಧವಾರದವರಿಗೆ ಮಾತ್ರ ಎರಡು ಮೂಲೆಯಲ್ಲವೇ? ಮುಂಜಾನೆ ಹುಟ್ಟಿದವರಿಗೆ ದಂತದ ಆನೆ, ಮಧ್ಯಾಹ್ನದ ಮೇಲೆ ಹುಟ್ಟಿದವರಿಗೆ ದಂತವಿಲ್ಲದ ಆನೆ. ಬಟ್ಟಲು ತುಂಬಿಸಿಕೊಂಡು ನಿಂತುಬಿಟ್ಟಳು.

"ಚಿಕ್ಕಂದಿನಿಂದ ದಂತ ಇಲ್ದಿರೋ ಆನೆಗೇ ಹಾಕ್ತಾ ಬಂದಿದೀನಿ. ಅದೂ ನಿಜಾನೋ ಅಲ್ವೋ? ಆಕೆ ನಿಮಗೆ ಏನ್ ಹೇಳಿದ್ರು? ಬೆಳಗ್ಗೆನಾ, ಮಧ್ಯಾಹ್ನದ ಮೇಲಾ?"

ಮಧ್ಯಾಹ್ನದ ಮೇಲೆ ಎಂದೆ. ಅಂದ ಕೂಡಲೇ ಬೆಳಗ್ಗೆ ಎನ್ನಿಸಿತು, ಅದನ್ನೂ ಹೇಳಿದೆ. ಬುಧವಾರ ಎಂದದ್ದು ಖಂಡಿತ, ಕಿವಿಯಲ್ಲಿದೆ. ಅದರ ಮುಂದಿನ ಮಾತು ಹಡಗಿನ ಕೂಗಿನಲ್ಲಿ ಹೋಯಿತೋ, ನಾನೇ ಮರೆತೆನೋ. ಅವಳಿಗೆ ಯಮಿನ್ ಎಂದು ಹೆಸರಿಟ್ಟಿದ್ದೀಯ, ಅದರ ಮೊದಲಕ್ಷರ 'ಯ' ಮಧ್ಯಾಹ್ನದ ಮೇಲೆ ಹುಟ್ಟಿದವರಿಗೆ ಇಡುವ ಅಕ್ಷರ. ಆದ್ದರಿಂದ ನಾನು ನಿನ್ನ ಬಾಗಿಲಲ್ಲಿ ಹಾಗೇ ಹೇಳಿರಬೇಕು. ಆದರೆ ನಾನು ಹೇಳಿದ್ದಕ್ಕೆ ಆ ಹೆಸರಿಟ್ಟೆಯೋ, ಜೋಯಿಸರು ಗುಣಿಸಿ ಹೇಳಿದರೋ, ಮಗು ಬರುವ ಮೊದಲೇ ಆ ಹೆಸರನ್ನು ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯೋ?

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಅರ್ಧ ಬಟ್ಟಲು ಈ ಆನೆಗೆ, ಅರ್ಧ ಆ ಆನೆಗೆ ಹಾಕಿದಳು. ಮೆಟ್ಟಿಲು ಇಳಿಯುತ್ತ ಹೇಳಿದಳು, "ನೀವು ಹೇಳೋದು ಪುಟಕ್ಕೊಂದು ಥರ, ದೊಡ್ಡಮ್ಮ. ಅಮ್ಮನ್ನ ಕೇಳಿ. ಅಮ್ಮ ಹೇಳಿದ್ರೆ ಅದೇ ಸರಿ. ಅಮ್ಮನ ಕಾಗದ ಬಂದ್ಮೇಲೆ ರೈಲು ಹತ್ತೀನಿ."

ಅಮ್ಮ ಎಂದು ಮೂರು ಸಲ ಅಂದಳು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಮಂಡಿ ನೋವಾ?" ಎಂದಳು. ಹೌದು ಎಂದೆ.

ನಿನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಅವಳ ಜಾತಕದ ತಾಳೆಗರಿ ಇರಬೇಕು. ಕಾಲು ಜೋಪಾನ, ಬಗ್ಗಬೇಡ, ಯಾರಿಂದಲಾದರೂ ತೆಗೆಸಿಕೋ. ನೆನಪಿನಿಂದ ಬರೆಯಬೇಡ, ನನ್ನ ಕಾಗದ ನೋಡಿ ಊಹಿಸಲೂ ಬೇಡ. ಬೆಳಕಿಗೆ ಹಿಡಿದು ಇನ್ನೊಮ್ಮೆ ಓದು: ಬುಧವಾರ ಎಂದು ಕೊರೆದಿದೆಯಲ್ಲ, ಅದರ ಪಕ್ಕದಲ್ಲಿ ಏನಿದೆ, ಮುಂಜಾನೆಯೋ, ಮಧ್ಯಾಹ್ನದ ಮೇಲೋ?

ನಿನ್ನ ಅಕ್ಕ,
ಓನ್ ಮೇ